ದಾಖಲೆ ಪುಸ್ತಕದ ಒಂದು ಅಕ್ಷರ

ವಿದೇಶದಲ್ಲಿರುವ ಮಕ್ಕಳು ಕಳುಹಿಸಿದ ಅರ್ಜಿಗಳ ಕಡತವೊಂದು ನಿಮ್ಮ ಮನೆಯಲ್ಲಿಯೂ ಇದ್ದೀತು. ಅಂಥದೇ ಕಡತದೊಡನೆ ಸೋಸಲೆಯ ವೃದ್ಧ ತಾಯಿಯೊಬ್ಬರು ನಮ್ಮ ಧರ್ಮಕೇಂದ್ರದ ಕಚೇರಿಗೆ ಬಂದು ತಮ್ಮ ಜ್ಞಾನಸ್ನಾನದ ಪ್ರಮಾಣಪತ್ರವನ್ನು ಕೇಳಿದರು. ಅಮೆರಿಕದ ಪೌರನಾದ ಮಗ ಅವರಿಗಾಗಿ ಅಲ್ಲಿನ ಶಾಶ್ವತ ನಿವಾಸಕ್ಕೆ ಅರ್ಜಿ ಹಾಕಿದ್ದನು. 21 ವರ್ಷ ತುಂಬಿದ ಪೌರನ ತಂದೆತಾಯಿಗೆ ವಾರ್ಷಿಕ ಮಿತಿಯೇನೂ ಇಲ್ಲ. ಆದರೆ ಕಾಗದಪತ್ರಗಳಿಗೆ ಮಿತಿಯೆಲ್ಲಿದೆ? ಪೊಲೀಸ್ ಪ್ರಮಾಣಪತ್ರ, ವೈದ್ಯಕೀಯ ತಪಾಸಣೆ, ಕೊನೆಗೆ ಮುಂಬಯಿಯ ಕಾನ್ಸುಲೇಟಿನಲ್ಲಿ ಸಂದರ್ಶನ.

1969ರ ಜನನ-ಮರಣ ನೋಂದಣಿ ಕಾಯಿದೆಗೆ ಮುಂಚೆ ಹುಟ್ಟಿದ ಹಲವರಂತೆ ಇವರ ಜನನವೂ ಸರ್ಕಾರಿ ಪುಸ್ತಕದಲ್ಲಿರಲಿಲ್ಲ. ಜನನ ದಾಖಲೆ ಲಭ್ಯವಿಲ್ಲವೆಂಬ ಸರ್ಕಾರಿ ಪತ್ರದೊಡನೆ ನಮ್ಮ ಪತ್ರವನ್ನೂ ಇಡಬೇಕಿತ್ತು. ಮಸಿ ಮಾಸಿದ ಪುಟದಲ್ಲಿ ಹೆಸರು ಸಿಕ್ಕಿತು. ಪಾಸ್‌ಪೋರ್ಟಿನ ಹೆಸರಿಗೆ ಮಾತ್ರ ಹೊಂದಲಿಲ್ಲ.

"ಒಂದಕ್ಷರ ತಾನೇ ಸ್ವಾಮಿ, ತಿದ್ದಿಬಿಡಿ" ಎಂದರು.

ನನ್ನಿಷ್ಟದಂತೆ ತಿದ್ದುವ ಅಧಿಕಾರ ನನಗಿಲ್ಲ. ಇದ್ದಂತೆಯೇ ಬರೆದುಕೊಟ್ಟು, ಎರಡೂ ಹೆಸರುಗಳು ಒಬ್ಬರವೇ ಎಂಬ ಅಫಿಡವಿಟ್ಟನ್ನು ನೋಟರಿಯ ಬಳಿ ಮಾಡಿಸುವಂತೆ ತಿಳಿಸಿದೆ. ಅವರ ಮುಖ ಬಾಡಿತು.

ಹೊರಡುವಾಗ ಕೇಳಿದರು: "ಕಾರ್ಡು ಬಂದ ಮೇಲೆ ಸೋಸಲೆಯಲ್ಲೇ ಇರಬಹುದೇ?"

ಅದು ಅಲ್ಲಿ ನೆಲೆಸುವವರಿಗೆ ಕೊಡುವ ಕಾರ್ಡು. ಮುಂಚಿತವಾಗಿ ಅನುಮತಿ ಪಡೆಯದೆ ವರ್ಷಕ್ಕೂ ಹೆಚ್ಚು ಕಾಲ ಹೊರಗಿದ್ದರೆ ಆ ಹಕ್ಕು ಕೈತಪ್ಪಬಹುದು ಎಂದೆ. ಮಗ ಇದನ್ನು ಹೇಳಲಿಲ್ಲವೇ ಅಮ್ಮಾ?

"ಫಾರಂಗಳನ್ನೆಲ್ಲ ಅವನೇ ತುಂಬಿದ, ಸ್ವಾಮಿ. ಹೋಗುತ್ತೀಯಾ ಎಂದು ಯಾರೂ ಕೇಳಲಿಲ್ಲ."

ಪ್ರಮಾಣಪತ್ರವನ್ನು ಜೋಪಾನವಾಗಿ ಮಡಿಸಿ ಚೀಲದಲ್ಲಿಟ್ಟುಕೊಂಡು, ನರಸೀಪುರದ ಬಸ್ಸಿಗೆ ಹೊತ್ತಾಯಿತೆಂದು ಎದ್ದರು.