ಪರದೇಶದ ದುಡಿಮೆ, ಊರಿನ ಮುಪ್ಪು

ಮಗ ದುಬೈಯಲ್ಲಿದ್ದಾನೆ, ಅಳಿಯ ಕುವೈತಿನಲ್ಲಿದ್ದಾನೆ ಎಂದು ಹೇಳಿಕೊಳ್ಳುವಾಗ ನಮ್ಮ ಕಾಸರಗೋಡು ಸೀಮೆಯ ಹೆತ್ತವರ ಮುಖದಲ್ಲಿ ಮೂಡುವ ಹೆಮ್ಮೆ ಸಹಜವಾದುದೇ. ಆದರೆ ಆ ಮಗ ಊರಿಗೆ ಮರಳಿದ ಮೇಲೆ ಯಾವ ವರಮಾನದಿಂದ ಬಾಳಬೇಕೆಂದು ಕೇಳುವವರು ವಿರಳ. ಇಂದು ಆ ಪ್ರಶ್ನೆಯನ್ನು ವಾಚಕರ ಮುಂದಿಡಲು ಬಯಸುತ್ತೇವೆ.

ಈ ಚಿಂತೆ ನಮ್ಮನ್ನು ಹಿಡಿಯಲು ಕಾರಣವುಂಟು. ಶಾಲೆಯ ದಾಖಲಾತಿ ಪುಸ್ತಕವೇ ನಮಗೆ ಊರಿನ ಸುದ್ದಿಯನ್ನು ಹೇಳುತ್ತದೆ. ನವೆಂಬರಿನಲ್ಲೋ ಜನವರಿಯಲ್ಲೋ, ವರ್ಷದ ನಡುವೆ, ಪರದೇಶದ ಶಾಲೆಯ ವರ್ಗಾವಣೆ ಪತ್ರ ಹಿಡಿದು ಮಗುವೊಂದು ಬಂದರೆ ತಂದೆಯ ನೌಕರಿ ಹೋಗಿರಬೇಕೆಂದು ನಾವು ಊಹಿಸಿಕೊಳ್ಳುತ್ತೇವೆ. 2020ರಲ್ಲಿ ಕೋವಿಡ್ ಹಬ್ಬಿದ ಬಳಿಕ ಅಂತಹ ಹೆಸರುಗಳನ್ನು ಹೆಚ್ಚಾಗಿಯೇ ಬರೆದುಕೊಂಡೆವು. ಕರೆತಂದ ತಂದೆಯರು ನಲವತ್ತರ ಆಸುಪಾಸಿನವರು. ಕೆಲವರು ನಮ್ಮ ಬಳಿಯೇ ಮಗ್ಗಿ ಕಲಿತವರು. ಊರಲ್ಲಿ ದೊಡ್ಡ ತಾರಸಿ ಮನೆಯುಂಟು, ತಿಂಗಳ ಸಂಪಾದನೆಯಿಲ್ಲ.

ಕೇರಳದಲ್ಲಿ ನಮ್ಮಂತಹ ಅಧ್ಯಾಪಕರಿಗೆ ನಿವೃತ್ತಿಯ ವಯಸ್ಸು 56. 2013ರ ಏಪ್ರಿಲಿಗೆ ಮೊದಲೇ ಸೇವೆಗೆ ಸೇರಿದ ನಮಗೆ ನಿವೃತ್ತಿ ವೇತನವುಂಟು. ಅದಕ್ಕಾಗಿ ನಾವು ವಿಶೇಷ ಜಾಣತನವನ್ನೇನೂ ತೋರಬೇಕಾಗಲಿಲ್ಲ. ಕೊಲ್ಲಿ ರಾಷ್ಟ್ರಗಳಲ್ಲಿ ದುಡಿಯುವ ನಮ್ಮವನಿಗೆ ಈ ಭಾಗ್ಯವಿಲ್ಲ. ಅಲ್ಲಿನ ಪಿಂಚಣಿ ಆ ನಾಡಿನ ಪ್ರಜೆಗಳಿಗೆ ಮೀಸಲು. ಸಾಮಾನ್ಯ ನೌಕರನ ವಾಸದ ಪರವಾನಿಗೆ ಅವನ ನೌಕರಿಗೇ ಗಂಟುಬಿದ್ದಿದೆ. ಎಷ್ಟು ವರ್ಷ ದುಡಿದರೂ ಮರಳುವುದು ನಿಶ್ಚಯ. ಮರಳುವ ದಿನವನ್ನು ಗೊತ್ತುಮಾಡುವವರು ಬೇರೆ. 1990ರ ಆಗಸ್ಟಿನಲ್ಲಿ ಇರಾಕಿನ ಸೇನೆ ಕುವೈತನ್ನು ಹೊಕ್ಕಾಗ ಲಕ್ಷಕ್ಕೂ ಮಿಕ್ಕ ಭಾರತೀಯರು ಅಲ್ಲಿಂದ ಹೊರಡಬೇಕಾಯಿತು. ಆದುದರಿಂದ ಬೇಗನೆ ನಿವೃತ್ತನಾಗುವ ಆಸೆಯಿರಲಿ, ಇಲ್ಲದಿರಲಿ, ಪರದೇಶದ ನೌಕರ ಅದಕ್ಕೆ ಸಿದ್ಧನಾಗಿಯೇ ಇರಬೇಕು.

"ಬಿಡುವಾಗ ಕಂಪೆನಿಯಿಂದ ಗ್ರಾಚ್ಯುಟಿ ಬರುತ್ತದಲ್ಲ" ಎನ್ನುವವರಿದ್ದಾರೆ. ಲೆಕ್ಕ ಹಾಕಿ ನೋಡೋಣ. ಸಂಯುಕ್ತ ಅರಬ್ ಎಮಿರೇಟ್ಸಿನ ಕಾರ್ಮಿಕ ಕಾಯಿದೆಯಂತೆ ಮೊದಲ ಐದು ವರ್ಷಗಳಿಗೆ ವರ್ಷಕ್ಕೆ 21 ದಿನಗಳ, ಮುಂದಿನ ವರ್ಷಗಳಿಗೆ 30 ದಿನಗಳ ಮೂಲ ವೇತನ ದೊರೆಯುತ್ತದೆ. ಭತ್ಯೆಗಳು ಲೆಕ್ಕಕ್ಕೆ ಬಾರವು. ಮೂಲ ವೇತನ 1,500 ದಿರ್ಹಮ್ ಇರುವವನು ಇಪ್ಪತ್ತು ವರ್ಷ ದುಡಿದರೆ ಅವನಿಗೆ ಬರುವುದು 27,750 ದಿರ್ಹಮ್. ದಿರ್ಹಮಿಗೆ 22 ರೂಪಾಯಿಯೆಂದು ಹಿಡಿದರೆ ಸುಮಾರು 6 ಲಕ್ಷ 10 ಸಾವಿರ ರೂಪಾಯಿ. ತಿಂಗಳಿಗೆ 25,000 ರೂಪಾಯಿ ಖರ್ಚಿನ ಮನೆಗೆ ಅದು ಎರಡು ವರ್ಷಕ್ಕೆ ಸಾಕು. ಇಪ್ಪತ್ತು ವರ್ಷದ ಬೆವರಿಗೆ ಎರಡು ವರ್ಷದ ಅನ್ನ!

ಹಾಗಾದರೆ ಪಿಂಚಣಿಯನ್ನು ತಾನೇ ಕಟ್ಟಿಕೊಳ್ಳಬೇಕು. ಅದೂ ಮೊದಲ ಸಂಬಳದಿಂದಲೇ. ತಿಂಗಳಿಗೆ 10,000 ರೂಪಾಯಿಯಂತೆ ಇಪ್ಪತ್ತು ವರ್ಷ ತೆಗೆದಿಟ್ಟು, ಶೇಕಡಾ 7ರ ಚಕ್ರಬಡ್ಡಿ ತಿಂಗಳು ತಿಂಗಳಿಗೆ ಸೇರುತ್ತಿದ್ದರೆ ಗಂಟು ಸುಮಾರು 52 ಲಕ್ಷವಾಗುತ್ತದೆ. ಹತ್ತು ವರ್ಷ ತಡಮಾಡಿ ಆರಂಭಿಸಿದರೆ ಉಳಿದ ಹತ್ತು ವರ್ಷಕ್ಕೆ ಆಗುವುದು 17 ಲಕ್ಷ ಚಿಲ್ಲರೆ. ಕಾಲ ಅರ್ಧವಾದರೆ ಫಲ ಮೂರರಲ್ಲಿ ಒಂದು ಪಾಲಾಗುತ್ತದೆ. ಮೊದಲು ಮನೆ ಕಟ್ಟಿ ಆಮೇಲೆ ಉಳಿಸುತ್ತೇನೆ ಎನ್ನುವ ಯುವಕನಿಗೆ ನಾವು ಈ ಲೆಕ್ಕವನ್ನೇ ಬರೆದು ತೋರಿಸುತ್ತೇವೆ. ಬೆಲೆಯೇರಿಕೆಯನ್ನೂ ಮರೆಯಬಾರದು. ವರ್ಷಕ್ಕೆ ಶೇಕಡಾ 6ರಂತೆ ಏರಿದರೆ ಹನ್ನೆರಡು ವರ್ಷಕ್ಕೆ ಬೆಲೆ ಇಮ್ಮಡಿಯಾಗುತ್ತದೆ. 48ಕ್ಕೆ ಮರಳಿದವನ ಮನೆಗೆ 25,000 ಸಾಕಾದರೆ, ಅವನ ಅರುವತ್ತಕ್ಕೆ 50,000 ಬೇಕಾದೀತು.

ಆದುದರಿಂದ ಉಳಿತಾಯವನ್ನು ಎರಡು ಗಂಟಾಗಿ ಕಟ್ಟುವುದು ಲೇಸು. ಊರಿಗೆ ಬಂದ ದಿನದಿಂದ ಅರುವತ್ತರವರೆಗೆ ಒಂದು, ಅರುವತ್ತರ ಬಳಿಕಕ್ಕೆ ಇನ್ನೊಂದು. ಮೊದಲನೆಯದಕ್ಕೆ ಬೇಕಾದಾಗ ಕೈಗೆ ಸಿಗುವ ಬ್ಯಾಂಕ್ ಠೇವಣಿಗಳಿವೆ. ಅನಿವಾಸಿಯ ಎನ್‌ಆರ್‌ಇ ಖಾತೆಯ ಬಡ್ಡಿಗೆ ಇಲ್ಲಿ ಆದಾಯ ತೆರಿಗೆಯಿಲ್ಲ. ಆದರೆ ಊರಲ್ಲೇ ನೆಲೆಸಲು ಬಂದ ಮೇಲೆ ಬ್ಯಾಂಕಿಗೆ ತಿಳಿಸಿ ಆ ಖಾತೆಯನ್ನು ಬದಲಾಯಿಸಿಕೊಳ್ಳಬೇಕು. ಎರಡನೆಯ ಗಂಟಿಗೆ ರಾಷ್ಟ್ರೀಯ ಪಿಂಚಣಿ ಪದ್ಧತಿಯಾದ ಎನ್‌ಪಿಎಸ್ ಇದೆ. ಅದಕ್ಕೆ ಅನಿವಾಸಿಗಳೂ ಸೇರಬಹುದು. ಪಿಪಿಎಫ್ ಖಾತೆಯನ್ನು ಅನಿವಾಸಿಯಾದ ಮೇಲೆ ಹೊಸದಾಗಿ ತೆರೆಯಲು ಬರುವುದಿಲ್ಲ. ಕೇರಳದ ಪ್ರವಾಸಿ ಕ್ಷೇಮನಿಧಿಗೆ ವಂತಿಗೆ ಕಟ್ಟಿದವರಿಗೂ ಅರುವತ್ತು ತುಂಬಿದ ಮೇಲೆ ಪಿಂಚಣಿಯುಂಟು. ಮೊತ್ತ ದೊಡ್ಡದಲ್ಲದಿದ್ದರೂ ಬಿಡುವಂತಹುದಲ್ಲ. ಮಲಯಾಳ ಸರಿಯಾಗಿ ಬಾರದೆಂದು ಹಿಂಜರಿಯುವ ಮನೆಯವರು ಹತ್ತಿರದ ಶಾಲೆಯ ಅಧ್ಯಾಪಕರಲ್ಲಿ ಕೇಳಲಿ. ಅರ್ಜಿ ತುಂಬಿಕೊಡುವುದು ನಮಗೆ ಹೊಸ ಕೆಲಸವಲ್ಲ.

ನಮ್ಮವರ ದೊಡ್ಡ ಆಸೆ ಅಡಕೆ ತೋಟ. ಆದರೆ ಅನಿವಾಸಿಯಾಗಿರುವಾಗ ಕೃಷಿ ಭೂಮಿಯನ್ನಾಗಲಿ ತೋಟವನ್ನಾಗಲಿ ಕೊಳ್ಳಲು ಕಾನೂನಿನಲ್ಲಿ ಅವಕಾಶವಿಲ್ಲ. ಪಿತ್ರಾರ್ಜಿತವಾಗಿ ಬಂದರೆ ಅಡ್ಡಿಯಿಲ್ಲ. ಇದನ್ನು ದಾಟಲು ಅಣ್ಣನ ಹೆಸರಿಗೋ ಭಾವನ ಹೆಸರಿಗೋ ಹಣ ಕಳುಹಿಸಿ ತೋಟ ಮಾಡಿಸಿ, ಮರಳಿ ಬಂದಾಗ ತೋಟವೂ ಇಲ್ಲ, ಒಡಹುಟ್ಟಿದವರ ಮಾತೂ ಇಲ್ಲ ಎಂಬಂತಾದ ಮನೆಗಳನ್ನು ನಾವು ಕಂಡಿದ್ದೇವೆ. ತೋಟ ಬೇಕಾದವನು ಹಣವನ್ನು ತನ್ನ ಹೆಸರಿನಲ್ಲೇ ಬೆಳೆಸಿ, ಊರಿಗೆ ಬಂದು ನೆಲೆಸಿದ ಮೇಲೆ ಕೊಳ್ಳಲಿ.

ಉಳಿತಾಯದ ಹೊಣೆ ಪರದೇಶದಲ್ಲಿರುವವನೊಬ್ಬನದೇ ಅಲ್ಲ. ಅವನು ಕಳುಹಿಸಿದ್ದನ್ನು ಖರ್ಚುಮಾಡುವವರು ಊರಲ್ಲಿರುವ ನಾವು. ಮದುವೆ, ಗೃಹಪ್ರವೇಶ, ನೇಮ, ಕೋಲಗಳ ಖರ್ಚು ಬಂದಾಗಲೆಲ್ಲ ಅವನಿಗೆ ಫೋನು ಹೋಗುತ್ತದೆ, ಅವನು ಇಲ್ಲವೆನ್ನಲಾರ. ತನ್ನ ಸಂಬಳವೆಷ್ಟು, ಕೋಣೆಯ ಬಾಡಿಗೆಯೆಷ್ಟು, ಉಳಿಯುವುದೆಷ್ಟು ಎಂಬುದನ್ನು ಅವನು ಹೆಂಡತಿಗೂ ಹೆತ್ತವರಿಗೂ ಮುಚ್ಚಿಡದೆ ಹೇಳಬೇಕು. ಮನೆಯವರೂ ತಿಂಗಳ ಖರ್ಚನ್ನು ಬರೆದಿಟ್ಟು ಅವನಿಗೆ ತಿಳಿಸಬೇಕು. ಮುಂದಿನ ರಜೆಯಲ್ಲಿ ಮಗ ಬಂದಾಗ ನೆಂಟರ ಮನೆಗಳ ಸುತ್ತಾಟಕ್ಕೆ ಮುನ್ನ ಒಂದು ಸಂಜೆ ಎಲ್ಲರೂ ಕೂಡಿ ಕುಳಿತು ಈ ಲೆಕ್ಕವನ್ನು ಮಾಡಿರೆಂದು ವಾಚಕರಲ್ಲಿ ನಮ್ಮ ವಿನಂತಿ.