ಗಂಧದ ಊರಿನಲ್ಲಿ ಬೆವರಿನ ಮಾತು

ಮೈಸೂರಿನ ಚಿಕ್ಕ ಗಡಿಯಾರದ ಕಡೆಯಿಂದ ದೇವರಾಜ ಮಾರುಕಟ್ಟೆಯ ಒಳಹೊಕ್ಕರೆ ಕಣ್ಣಿಗಿಂತ ಮೊದಲು ಮೂಗಿಗೆ ಕೆಲಸ. ಒಂದು ಕಡೆ ಮಲ್ಲಿಗೆ, ಇನ್ನೊಂದು ಕಡೆ ಬಾಳೆಹಣ್ಣಿನ ಗೊನೆಗಳು, ನಡುವೆ ಕುಂಕುಮದ ಗುಡ್ಡೆ, ಊದುಬತ್ತಿಯ ಹೊಗೆ. ಬಹಳ ಹಿಂದೆಯೇ ಶ್ರೀಗಂಧದ ಎಣ್ಣೆ ಕಾರ್ಖಾನೆ ಕಂಡ ಊರು ಇದು. ಇಂಥ ಪರಿಮಳದ ನಡುವೆಯೂ ಗ್ರಂಧಿಗೆ ಅಂಗಡಿಯ ಮುಂದೆ ದನಿ ತಗ್ಗಿಸಿಯೇ ಕೇಳುವ ಪ್ರಶ್ನೆಯೊಂದಿದೆ: "ಬೆವರು ವಾಸನೆಗೆ ಏನಾದರೂ ಇದೆಯೇನಪ್ಪ?"

ಕೇಳುವವಳು ತಾಯಿ. ಪಕ್ಕದಲ್ಲಿ ತಲೆ ತಗ್ಗಿಸಿ ನಿಂತದ್ದು ಹೈಸ್ಕೂಲಿನ ಮಗ ಅಥವಾ ಮಗಳು. ಇದು ಸಣ್ಣ ವಿಷಯವಲ್ಲ. ತರಗತಿಯಲ್ಲಿ ಪಕ್ಕದವರು ಒಂದು ದಿನ ಮೂಗು ಮುಚ್ಚಿಕೊಂಡರೆ ಸಾಕು, ಮಗು ಹಿಂದಿನ ಬೆಂಚಿಗೆ ಸರಿಯುತ್ತದೆ. ಆಟದ ಪೀರಿಯಡ್ಡಿಗೆ ಸರಿಯಾಗಿ ಹೊಟ್ಟೆನೋವು ಬರುತ್ತದೆ.

ಅಂಗಡಿಯಲ್ಲಿ ಇದಕ್ಕೆ ಬೇಕಾದ ಸಾಮಾನು ಹಲವು. ಲಾವಂಚದ ಬೇರನ್ನು ರಾತ್ರಿ ನೀರಿನಲ್ಲಿ ನೆನೆಹಾಕಿ, ಬೆಳಿಗ್ಗೆ ಆ ನೀರನ್ನು ಸ್ನಾನದ ನೀರಿಗೆ ಬೆರೆಸುವುದು ಹಳೆಯ ರೂಢಿ. ಬೇವಿನ ಎಲೆ ಹಾಕಿ ಕಾಯಿಸಿದ ನೀರೂ ಹಾಗೆಯೇ. ಕಡಲೆಹಿಟ್ಟು ಮೈಯ ಜಿಡ್ಡು ತೆಗೆಯುತ್ತದೆ. ಕ್ಷೌರದಂಗಡಿಯಲ್ಲಿ ಗಲ್ಲಕ್ಕೆ ಸವರುವ ಪಟಿಕವನ್ನು ಒದ್ದೆ ಮಾಡಿ, ಸ್ನಾನದ ನಂತರ ಕಂಕುಳಿಗೆ ಲಘುವಾಗಿ ಸವರುವವರೂ ಇದ್ದಾರೆ.

ಮಾರುಕಟ್ಟೆಯ ಇನ್ನೊಂದು ತುದಿಯಲ್ಲಿರುವುದು ಧನ್ವಂತರಿ ರಸ್ತೆ. ವೈದ್ಯದೇವತೆಯ ಹೆಸರಿನ ರಸ್ತೆಗೆ ಬಂದ ಮೇಲೆ ವೈದ್ಯವಿಜ್ಞಾನ ಏನೆನ್ನುತ್ತದೆ ಎಂಬುದನ್ನೂ ಕೇಳಬೇಕಲ್ಲವೇ?

ನಿಜ ಹೇಳಬೇಕೆಂದರೆ, ಆಗತಾನೇ ಹೊರಬಂದ ಬೆವರಿಗೆ ಹೆಚ್ಚೇನೂ ವಾಸನೆಯಿಲ್ಲ. ಕಂಕುಳು, ತೊಡೆಸಂದುಗಳಲ್ಲಿರುವ ಒಂದು ಬಗೆಯ ಬೆವರುಗ್ರಂಥಿಗಳು ಹರೆಯ ಬಂದಾಗಲೇ ಚುರುಕಾಗುತ್ತವೆ. ಅವು ಸ್ರವಿಸುವ ದ್ರವವನ್ನು ಚರ್ಮದ ಮೇಲಿನ ಬ್ಯಾಕ್ಟೀರಿಯಾಗಳು ವಿಭಜಿಸಿದಾಗ ದುರ್ವಾಸನೆ ಹುಟ್ಟುತ್ತದೆ. ನಿನ್ನೆಯವರೆಗೆ ಇಲ್ಲದ ವಾಸನೆ ಏಳನೆಯ, ಎಂಟನೆಯ ತರಗತಿಯಲ್ಲಿ ಶುರುವಾಗುವುದು ಇದರಿಂದಲೇ. ಅದು ಮಗುವಿನ ಸೋಮಾರಿತನದ ಗುರುತಲ್ಲ, ಬೆಳವಣಿಗೆಯ ಗುರುತು.

ಆದ್ದರಿಂದ ಮೊದಲ ಮದ್ದು ಸೋಪು, ನೀರು. ದಿನವೂ ಸ್ನಾನ, ಆಟವಾಡಿ ಬಂದರೆ ಇನ್ನೊಮ್ಮೆ. ಸ್ನಾನದ ಬಳಿಕ ಕಂಕುಳನ್ನೂ ಕಾಲ್ಬೆರಳ ಸಂದುಗಳನ್ನೂ ಒಣಗುವಂತೆ ಒರೆಸಬೇಕು. ಪಾಲಿಯೆಸ್ಟರ್ ಅಂಗಿ ವಾಸನೆಯನ್ನು ಹಿಡಿದಿಡುತ್ತದೆ. ಒಳಗೆ ಹತ್ತಿಯ ಬನಿಯನ್ನಿದ್ದರೆ ವಾಸಿ. ಸಮವಸ್ತ್ರ ಒಂದೇ ಜೊತೆಯಿದ್ದರೆ ಕಂಕುಳಿನ ಭಾಗವನ್ನಾದರೂ ಸಂಜೆ ಸೋಪು ಹಚ್ಚಿ ತೊಳೆದು ಹರವಬೇಕು. ಕಾಲುಚೀಲ ದಿನವೂ ಬದಲಾಗಲಿ, ಬೂಟು ಬಿಸಿಲು ಕಾಣಲಿ.

ಪಟಿಕ ಬ್ಯಾಕ್ಟೀರಿಯಾಗಳನ್ನು ಸ್ವಲ್ಪ ಮಟ್ಟಿಗೆ ತಡೆಯಬಲ್ಲದು. ಆದರೆ ಗೀರು ಬಿದ್ದ ಚರ್ಮಕ್ಕೆ ಉರಿ. ಲಾವಂಚ ತಂಪು ಪರಿಮಳ ಕೊಡುತ್ತದೆ; ಸ್ನಾನದ ಬದಲಿಗೆ ಅದು ಸಲ್ಲದು. ನಿಂಬೆರಸ, ಅಡಿಗೆ ಸೋಡಾ ಹಚ್ಚುವ ಸಲಹೆಯೂ ಕೇಳಿಬರುತ್ತದೆ. ಎಳೆಯ ಚರ್ಮಕ್ಕೆ ಇವೆರಡೂ ಒಳ್ಳೆಯವಲ್ಲ. ನಿಂಬೆರಸ ಹಚ್ಚಿದ ಜಾಗಕ್ಕೆ ಬಿಸಿಲು ತಾಗಿದರೆ ಬೊಬ್ಬೆ ಏಳುವುದೂ ಉಂಟು. ಇಷ್ಟೆಲ್ಲ ಮಾಡಿಯೂ ವಾಸನೆ ಹೋಗದಿದ್ದರೆ, ಇದ್ದಕ್ಕಿದ್ದಂತೆ ಬದಲಾದರೆ, ಇಲ್ಲವೇ ಕಾರಣವಿಲ್ಲದೆ ಅಂಗೈಯಿಂದ ಬೆವರು ತೊಟ್ಟಿಕ್ಕುತ್ತಿದ್ದರೆ ವೈದ್ಯರನ್ನು ಕಾಣಬೇಕು.

ಮಾರುಕಟ್ಟೆಯಿಂದ ಲಾವಂಚದ ಪೊಟ್ಟಣ ಮನೆಗೆ ಬರಲಿ, ಸಂತೋಷ. ಅದನ್ನು ಮಗುವಿನ ಕೈಗೆ ಕೊಡುವಾಗ ತಂದೆತಾಯಿ ಒಂದು ಮಾತು ಸೇರಿಸಿದರೆ ಇನ್ನೂ ಒಳ್ಳೆಯದು: "ನಿನ್ನ ವಯಸ್ಸಿನಲ್ಲಿ ನಮಗೂ ಹೀಗೇ ಆಗಿತ್ತು." ಹಿಂದಿನ ಬೆಂಚಿಗೆ ಸರಿದ ಮಗುವನ್ನು ಮುಂದಕ್ಕೆ ಕರೆತರುವ ಮದ್ದು ಯಾವ ಗ್ರಂಧಿಗೆ ಅಂಗಡಿಯಲ್ಲೂ ಸಿಗುವುದಿಲ್ಲ.