ಐವತ್ತೊಂದು ನಿಮಿಷದ ಹುಚ್ಚು

ನನ್ನನ್ನು ಕೆಡಿಸಿದ್ದು ಹೆನ್ರಿ ಡ್ರೇಪರ್. ಭಾನುವಾರ ಹೈದರಾಬಾದಿನ ಅಬಿಡ್ಸ್‌ನ ಅಂಗಡಿಗಳು ಬಾಗಿಲು ಹಾಕಿದ ಮೇಲೆ ಫುಟ್‌ಪಾತ್ ತುಂಬ ಹಳೇ ಪುಸ್ತಕ ಹರಡುತ್ತಾರಲ್ಲ, ಅಲ್ಲಿ ರಟ್ಟು ಕಿತ್ತುಹೋದ ಖಗೋಳದ ಪುಸ್ತಕವೊಂದು ಸಿಕ್ಕಿತು. ಅಮೆರಿಕದ ಈ ವೈದ್ಯ 1880ರ ಸೆಪ್ಟೆಂಬರ್ 30ರಂದು 11 ಇಂಚಿನ ಟೆಲಿಸ್ಕೋಪಿನಲ್ಲಿ ಪ್ಲೇಟ್ ಇಟ್ಟು, 51 ನಿಮಿಷ ಬೆಳಕು ಹಿಡಿದು ಒರಾಯನ್ ನೀಹಾರಿಕೆಯ ಫೋಟೋ ತೆಗೆದನಂತೆ. ನೀಹಾರಿಕೆಯೊಂದು ಫೋಟೋದಲ್ಲಿ ಮೂಡಿದ್ದು ಅದೇ ಮೊದಲು. ಶಟರ್ ಎಷ್ಟು ಹೊತ್ತು ತೆರೆದಿದ್ದರೆ ಅಷ್ಟು ಒಳ್ಳೆಯದು ಎಂದು ನನ್ನ ತಲೆಯಲ್ಲಿ ಕೂತುಬಿಟ್ಟಿತು. ಅವನ ಪ್ಲೇಟ್ ಎಷ್ಟು ಮಂದ, ನನ್ನ ಕ್ಯಾಮೆರಾದ ಸೆನ್ಸರ್ ಎಷ್ಟು ಚುರುಕು ಎಂಬುದರ ಗೊಡವೆಗೇ ಹೋಗಲಿಲ್ಲ.

ಅಬಿಡ್ಸ್‌ನಲ್ಲೇ ಇರುವ ಬಾಡಿಗೆ ಮನೆಯ ತಾರಸಿಯಲ್ಲಿ ಐದಿಂಚಿನ ಟೆಲಿಸ್ಕೋಪ್ ನಿಲ್ಲಿಸಿದೆ. ಅದನ್ನು ಹೊತ್ತ ಮೌಂಟು ಚುಕ್ಕಿಗಳ ಜೊತೆ ಸರಿಯಾಗಿ ತಿರುಗಬೇಕಾದರೆ ಧ್ರುವನಕ್ಷತ್ರಕ್ಕೆ ಗುರಿಯಿಡಬೇಕು. ಹೈದರಾಬಾದಿನಲ್ಲಿ ಆ ನಕ್ಷತ್ರ ದಿಗಂತದಿಂದ ಬರೀ 17 ಡಿಗ್ರಿ ಮೇಲಿರುತ್ತದೆ. ನಮ್ಮ ಉತ್ತರಕ್ಕಿದ್ದದ್ದು ಪಕ್ಕದ ಕಟ್ಟಡದ ನೀರಿನ ಟ್ಯಾಂಕು. ಅಂದಾಜಿನ ಮೇಲೆ ಮೌಂಟನ್ನು ಉತ್ತರಕ್ಕೆ ತಿರುಗಿಸಿದೆ. ಒರಾಯನ್‌ನ ಮೂರು ಚುಕ್ಕಿಗಳ ಸಾಲಿನ ಕೆಳಗೆ ಬರಿಗಣ್ಣಿಗೇ ಮಸುಕಾಗಿ ಕಾಣುವ ಆ ಮೋಡ ಸಿಕ್ಕಿದ್ದೇ ತಡ, ಎರಡೆರಡು ನಿಮಿಷದ ಫ್ರೇಮ್ ಶುರು. ಜನವರಿ ಬೇರೆ. ನಾಂಪಲ್ಲಿಯಲ್ಲಿ ನುಮಾಯಿಷ್ ನಡೆದಿತ್ತು, ಜಾತ್ರೆಯ ದೀಪಗಳಿಗೆ ಆಕಾಶವೇ ಬೆಳಗಿತ್ತು. ಲ್ಯಾಪ್‌ಟಾಪಿನಲ್ಲಿ ನೋಡಿದರೆ ಫ್ರೇಮ್ ತುಂಬ ಕಿತ್ತಳೆ ಬಣ್ಣ, ಚುಕ್ಕಿಗಳೆಲ್ಲ ಅಕ್ಕಿಕಾಳಿನಂತೆ ಉದ್ದುದ್ದ.

ಬೈಗುಳವೆಲ್ಲ ಊರಿನ ದೀಪಗಳಿಗೆ ಹೋಯಿತು. ಸಾಕ್ಷಿಗೆ ನಿಜಾಮಿಯಾ ವೀಕ್ಷಣಾಲಯದ ಕಥೆ ಕೈಯಲ್ಲೇ ಇತ್ತು: ಬೇಗಂಪೇಟೆಯ ಸುತ್ತ ನಗರ ಬೆಳೆಯಿತು, ಕೊನೆಗೆ 48 ಇಂಚಿನ ದೊಡ್ಡ ಟೆಲಿಸ್ಕೋಪನ್ನು ದೂರದ ರಂಗಾಪುರದಲ್ಲಿ ನಿಲ್ಲಿಸಬೇಕಾಯಿತು. ಅಂಥವರದೇ ಈ ಪಾಡು, ನನ್ನದೇನು ಲೆಕ್ಕ ಎಂದು ಸಮಾಧಾನ ಮಾಡಿಕೊಂಡು ಗಂಟುಮೂಟೆ ಕಟ್ಟಿ ಬೀದರ್ ಕಡೆಯ ನಮ್ಮ ಹೊಲಕ್ಕೆ ಹೋದೆ.

ಅಲ್ಲಿ ಧ್ರುವನಕ್ಷತ್ರ ಕಂಡಿತು, ಕತ್ತಲೆಗೂ ಕೊರತೆಯಿರಲಿಲ್ಲ. ಕತ್ತಲೆ ಸಿಕ್ಕ ಹುರುಪಿಗೆ ಎಕ್ಸ್‌ಪೋಷರ್ ಇನ್ನಷ್ಟು ಎಳೆದೆ. ಕ್ಯಾಮೆರಾ ಹಾಕುವ ಮುಂಚೆ ಐಪೀಸಿಗೆ ಕಣ್ಣಿಟ್ಟಿದ್ದ ಕಾಕಾ, ಆಮೇಲೆ ಪರದೆ ನೋಡಿ ಕೇಳಿದರು:

"ಅಲ್ಲೋ, ನಡುವ ನಾಕು ಚುಕ್ಕಿ ಇದ್ದವು. ನಾ ಎಣಿಸೀನಿ. ಫೋಟೋದಾಗ ಎಲ್ಲಿ ಹೋದವು?"

ಮಾತೇ ಹೊರಡಲಿಲ್ಲ. ಅವು ಟ್ರೆಪೀಜಿಯಂ ಎಂಬ ಗುಂಪಿನ ತಾರೆಗಳು. ಸುಮಾರು 1,300 ಜ್ಯೋತಿರ್ವರ್ಷ ದೂರದ ಆ ಅನಿಲವನ್ನು ಬೆಳಗುವುದೇ ಅವು, ಅದರಲ್ಲೂ ಅವುಗಳಲ್ಲಿ ದೊಡ್ಡದು. ನನ್ನ ಫೋಟೋದಲ್ಲಿ ಆ ಜಾಗ ಬರೀ ಬಿಳಿ ಮುದ್ದೆ. ನಡುಭಾಗಕ್ಕೆ ಕೆಲವೇ ಸೆಕೆಂಡು ಸಾಕು, ಅಂಚಿನ ರೆಕ್ಕೆಗಳಿಗೆ ನಿಮಿಷಗಳು ಬೇಕು. ಎರಡೂ ಒಂದೇ ಎಕ್ಸ್‌ಪೋಷರಿಗೆ ದಕ್ಕುವುದಿಲ್ಲ. ಬಿಳಿಗೆ ತಿರುಗಿದ ಪಿಕ್ಸೆಲ್ಲಿನಿಂದ ಯಾವ ಸಾಫ್ಟ್‌ವೇರೂ ಏನನ್ನೂ ಮರಳಿ ತೆಗೆಯಲಾರದು. ಫ್ರೇಮಿನ ಹೊಳಪು ತೋರಿಸುವ ಹಿಸ್ಟೋಗ್ರಾಂ ಬಲಗೋಡೆಗೆ ಒತ್ತಿಕೊಂಡು ನಿಂತಿದ್ದನ್ನು ಅಬಿಡ್ಸ್‌ನಲ್ಲೇ ನೋಡಿದ್ದೆ. ಅದನ್ನೂ ದೀಪಗಳ ತಲೆಗೇ ಕಟ್ಟಿದ್ದೆ.

ವಾಪಸು ಬಂದು ಅದೇ ತಾರಸಿಯಲ್ಲಿ ಐದೈದು ಸೆಕೆಂಡಿನ ಫ್ರೇಮ್‌ಗಳನ್ನು ರಾಶಿಗಟ್ಟಲೆ ತೆಗೆದು ಸ್ಟ್ಯಾಕ್ ಮಾಡಿದೆ, ಅಂದರೆ ಒಂದರ ಮೇಲೊಂದು ಕೂಡಿಸಿದೆ. ಅಷ್ಟು ಚಿಕ್ಕ ಫ್ರೇಮಿಗೆ ಮೌಂಟಿನ ಓರೆಯೂ ತೊಂದರೆ ಕೊಡಲಿಲ್ಲ. ಆಕಾಶದ ಕಿತ್ತಳೆಯನ್ನು ಕಳೆದ ಮೇಲೆ ನಾಲ್ಕು ಚುಕ್ಕಿಗಳೂ ಬಿಡಿಬಿಡಿಯಾಗಿ ನಿಂತವು, ಸುತ್ತ ತುಸು ಹಸಿರು ಬೆರೆತ ಬೂದು. ಸೊಗಸೇನೂ ಇಲ್ಲ. ಕಾಕಾಗೆ ವಾಟ್ಸಾಪ್ ಮಾಡಿದೆ.

"ಹಾಂ, ಈಗ ಅದಾವ," ಅಂದರು.

ರೆಕ್ಕೆಗಳು ಮಾತ್ರ ಅಬಿಡ್ಸ್‌ನಿಂದ ಬಂದಿಲ್ಲ. ಚಂದ್ರನ ಎರಡರಷ್ಟು ಅಗಲ ಹರಡಿದ ಅವುಗಳ ತೆಳು ಅಂಚು ಹೊಲದಲ್ಲಿ ತೆಗೆದ, ನಡು ಸುಟ್ಟ ಫ್ರೇಮ್‌ಗಳಲ್ಲಿದೆ. ಅಳಿಸಬೇಕೆಂದಿದ್ದವನ್ನು ಉಳಿಸಿಕೊಂಡು, ನಡುಭಾಗ ಮುಚ್ಚಿ ಅಲ್ಲಿ ತಾರಸಿಯ ಚಿತ್ರ ಕೂಡಿಸುತ್ತಿದ್ದೇನೆ. ಬಣ್ಣ ಇನ್ನೂ ಹೊಂದಿಕೆಯಾಗಿಲ್ಲ.